ಚಾರ್ಜರ್ ಬದಲಿಸುವ ಮುನ್ನ ಮೀಟರ್ ನೋಡಿ

ವಿಜಯಪುರದಲ್ಲಿ ಮೊಬೈಲ್ ದುರಸ್ತಿ ಅಂಗಡಿ ನಡೆಸುವ ನನ್ನ ಬಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬರುವ ದೂರು ಹೆಚ್ಚಾಗಿ ಒಂದೇ: ‘ತಮ್ಮಾ, ಚಾರ್ಜರ್ ಕೆಟ್ಟಿದೆ, ಬೇರೆ ಕೊಡು.’ ಕೊಟ್ಟರೆ ನನಗೆ ವ್ಯಾಪಾರ. ಆದರೂ ಮೊದಲು ಯುಎಸ್‌ಬಿ ಮೀಟರನ್ನು ನಡುವೆ ಸಿಕ್ಕಿಸಿ, ಎಷ್ಟು ಕರೆಂಟ್ ಹೋಗುತ್ತಿದೆ ಎಂಬುದನ್ನು ಗಿರಾಕಿಗೇ ತೋರಿಸುತ್ತೇನೆ. ಬಹಳ ಸಲ ಚಾರ್ಜರ್ ಸರಿಯಾಗಿಯೇ ಇರುತ್ತದೆ.

ಗೋಡೆಗೆ ಸಿಕ್ಕಿಸುವ ಅಡಾಪ್ಟರಿನ ಕೆಲಸ 230 ವೋಲ್ಟ್ ವಿದ್ಯುತ್ತನ್ನು 5 ಅಥವಾ 9 ವೋಲ್ಟಿಗೆ ಇಳಿಸಿಕೊಡುವುದು. ಬ್ಯಾಟರಿಗೆ ಯಾವಾಗ ಎಷ್ಟು ಬೇಕು ಎಂಬ ಲೆಕ್ಕ ಫೋನಿನದು. 65 ವ್ಯಾಟ್ ಅಡಾಪ್ಟರ್ ಹಚ್ಚಿದರೂ ಹಳೆಯ ಫೋನ್ ತನ್ನ ಮಿತಿಯಷ್ಟನ್ನೇ ಎಳೆದುಕೊಳ್ಳುತ್ತದೆ.

ಶೇ. 20 ಚಾರ್ಜ್ ಇರುವ ಸಾಧಾರಣ ಫೋನನ್ನು ಹಚ್ಚಿದಾಗ ಮೀಟರಿನಲ್ಲಿ 2 ಆಂಪಿಯರ್ ಆಸುಪಾಸು ಕಾಣುತ್ತದೆ, ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಬ್ಯಾಟರಿಯ ಒಳಗಿನ ಸೆಲ್ಲಿನ ವೋಲ್ಟೇಜ್ ಏರುತ್ತಾ 4.2ಕ್ಕೆ, ಹೊಸ ಫೋನುಗಳಲ್ಲಿ 4.4ರ ಸಮೀಪಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಚಾರ್ಜಿಂಗ್ ಐಸಿ, ಅಂದರೆ ಫೋನಿನೊಳಗೆ ಚಾರ್ಜನ್ನು ನಿಯಂತ್ರಿಸುವ ಚಿಪ್, ವೋಲ್ಟೇಜನ್ನು ಏರಲು ಬಿಡುವುದಿಲ್ಲ. ಕರೆಂಟ್ ತಾನಾಗಿ ಇಳಿಯುತ್ತದೆ. ಒಂದೂವರೆ, ಒಂದು, ಅರ್ಧ. ಮೊದಲಿನ ಹತ್ತನೇ ಒಂದು ಭಾಗಕ್ಕೋ ಅದಕ್ಕೂ ಕೆಳಗೋ ಇಳಿದಾಗ ಚಾರ್ಜಿಂಗ್ ನಿಲ್ಲುತ್ತದೆ. ಶೇ. 80ರ ನಂತರದ ನಿಧಾನ ಇದೇ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು (ವಿದ್ಯುತ್ ಹೊತ್ತ ಕಣಗಳು) ಬ್ಯಾಟರಿಯ ಋಣ ಧ್ರುವದಲ್ಲಿರುವ ಗ್ರಾಫೈಟಿನ ಪದರಗಳ ಒಳಗೆ ಸೇರಿಕೊಳ್ಳಬೇಕು. ತುಂಬುತ್ತಾ ಬಂದಂತೆ ಜಾಗ ಕಡಿಮೆ. ಆಗಲೂ ಒತ್ತಾಯದಿಂದ ಕರೆಂಟ್ ನೂಕಿದರೆ ಲಿಥಿಯಂ ಲೋಹವಾಗಿ ಗ್ರಾಫೈಟಿನ ಮೇಲೆಯೇ ಕೂಡುತ್ತದೆ. ಅದರಲ್ಲಿ ಒಂದಿಷ್ಟು ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಒಳಗೆ ಶಾರ್ಟ್ ಆಗುವ ಅಪಾಯವೂ ಉಂಟು. ಆ ನಿಧಾನ ನಮ್ಮ ಸುರಕ್ಷತೆಗಾಗಿಯೇ ಇರುವುದು.

ನಮ್ಮ ಊರಿನಲ್ಲಿ ಬ್ಯಾಟರಿಗೆ ದೊಡ್ಡ ಶತ್ರು ಬಿಸಿಲು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಬೈಕಿನ ಹ್ಯಾಂಡಲಿಗೆ ಫೋನ್ ಸಿಕ್ಕಿಸಿ, ದಾರಿಯುದ್ದಕ್ಕೂ ಚಾರ್ಜಿಗಿಟ್ಟುಕೊಂಡು ಬಂದಿದ್ದರು. ಮೀಟರಿನಲ್ಲಿ ಕರೆಂಟ್ ಇಲ್ಲವೇ ಇಲ್ಲ. ‘ಕಾಕಾ, ಸ್ವಲ್ಪ ಕುಳಿತುಕೊಳ್ಳಿರಿ’ ಎಂದು ಕವರ್ ತೆಗೆದು ಫ್ಯಾನಿನ ಕೆಳಗಿಟ್ಟೆ. ಫೋನ್ ತಣಿದಂತೆ ಕರೆಂಟ್ ಮರಳಿತು. ಬ್ಯಾಟರಿಯ ತಾಪವನ್ನು ಅಳೆಯುವ ಥರ್ಮಿಸ್ಟರ್ ಒಳಗೇ ಇರುತ್ತದೆ. ಸುಮಾರು 45 ಡಿಗ್ರಿ ದಾಟಿದರೆ ಫೋನ್ ಚಾರ್ಜಿಂಗನ್ನು ತಗ್ಗಿಸುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಬೇಗ ತಣಿಯಲೆಂದು ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ, ಒಳಗೆ ತೇವ ಕೂಡುತ್ತದೆ.

ಟ್ಯಾಬ್ಲೆಟ್‌ಗಳದ್ದು ಬೇರೆ ಕಥೆ. ಬಸವನ ಬಾಗೇವಾಡಿ ತಾಲ್ಲೂಕಿನ ಶಾಲೆಯೊಂದು ಬೇಸಿಗೆ ರಜೆಯಲ್ಲಿ ಕಪಾಟಿನಲ್ಲಿಟ್ಟಿದ್ದ ಟ್ಯಾಬ್ಲೆಟ್‌ಗಳನ್ನು ಜೂನ್‌ನಲ್ಲಿ ತಂದುಕೊಟ್ಟಿತ್ತು. ಪರದೆ ಬೆಳಗುತ್ತಿರಲಿಲ್ಲ, ಗುಜರಿಗೆ ಹಾಕುವ ಮಾತು ನಡೆದಿತ್ತು. ಬಿಚ್ಚಿ ಮಲ್ಟಿಮೀಟರ್ ಇಟ್ಟು ನೋಡಿದರೆ ಸೆಲ್ಲುಗಳು 3 ವೋಲ್ಟಿಗಿಂತ ಕೆಳಗಿದ್ದವು. ಅಷ್ಟು ಬರಿದಾದ ಸೆಲ್ಲಿಗೆ ಐಸಿ ಮೊದಲು ಅತಿ ಕಡಿಮೆ ಕರೆಂಟನ್ನಷ್ಟೇ ಕೊಡುತ್ತದೆ, ಪರದೆಯಲ್ಲಿ ಏನೂ ಕಾಣುವುದಿಲ್ಲ. ಜನ ಹತ್ತು ನಿಮಿಷ ಕಾದು ಕೈಬಿಡುವುದು ಇಲ್ಲೇ. ಸಂಜೆಯವರೆಗೆ ಬಿಟ್ಟೆ, ಹೆಚ್ಚಿನವು ಎದ್ದವು. 2 ವೋಲ್ಟಿಗೂ ಕೆಳಗೆ ಹೋಗಿದ್ದವನ್ನು ಮಾತ್ರ ಎಬ್ಬಿಸಲು ಹೋಗಲಿಲ್ಲ, ಬ್ಯಾಟರಿಯನ್ನೇ ಬದಲಿಸಿದೆ. ಅಷ್ಟು ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡುವುದು ಅಪಾಯ. ಈಗ ಆ ಶಾಲೆಯವರು ರಜೆಗೆ ಮುನ್ನ ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಇಡುತ್ತಾರೆ. ನಡುವೆ ಒಮ್ಮೆ ತೆಗೆದು ನೋಡುತ್ತಾರೆ.

ಉಬ್ಬಿದ ಬ್ಯಾಟರಿಗಳು ಹೆಚ್ಚಾಗಿ ಬರುವುದು ಅಂಗಡಿಗಳ ಕೌಂಟರಿನಿಂದ. ಯುಪಿಐ ಹಣಕ್ಕೆಂದು ಇಟ್ಟ ಹಳೆಯ ಫೋನ್ ಹಗಲೂ ರಾತ್ರಿ ಶೇ. 100ರಲ್ಲಿ, ತಗಡಿನ ಛಾವಣಿಯ ಬಿಸಿಯಲ್ಲಿ ಇರುತ್ತದೆ. ತುಂಬಿದ ಬ್ಯಾಟರಿಗೆ ಬಿಸಿಯೂ ಸೇರಿದರೆ ಅದರೊಳಗಿನ ದ್ರಾವಣ (ಎಲೆಕ್ಟ್ರೊಲೈಟ್) ಒಡೆದು ಅನಿಲವಾಗುತ್ತದೆ. ಅಂಥದ್ದನ್ನು ನಾನು ಒತ್ತುವುದಿಲ್ಲ, ಚುಚ್ಚುವುದಿಲ್ಲ, ಪರೀಕ್ಷೆಗೆಂದೂ ಚಾರ್ಜಿಗೆ ಹಾಕುವುದಿಲ್ಲ. ಹೊಸ ಬ್ಯಾಟರಿ ಹಾಕಿದ ಮೇಲೆ, ಸೌಲಭ್ಯವಿರುವ ಫೋನಾದರೆ ಶೇ. 80ರ ಮಿತಿಯನ್ನು ಆನ್ ಮಾಡಿಯೇ ಕೊಡುತ್ತೇನೆ. ಇಲ್ಲದಿದ್ದರೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಹೊತ್ತು ಹಚ್ಚಿ ತೆಗೆಯಲು ಹೇಳುತ್ತೇನೆ.