ಅಲಗಿನ ಮೇಲಿನ ಅಕ್ಷರ ಓದುವ ಬಗೆ

ದುಬಾರಿ ಮಡಚುವ ಚಾಕುವನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅಲಗಿನ ಮೇಲೆ, ಹಿಡಿಯ ಹತ್ತಿರ, ಚಿಕ್ಕ ಅಕ್ಷರಗಳಲ್ಲಿ ಏನೋ ಕೊರೆದಿರುತ್ತದೆ: ಎಸ್30ವಿ, ಎಂ390, 20ಸಿವಿ, ಮ್ಯಾಗ್ನಾಕಟ್. ನಂಬರ್ ಪ್ಲೇಟಿನಂತೆ ಕಾಣುವ ಇದು ಉಕ್ಕಿನ ಹೆಸರು. ಆಕಾರ, ಹಿಡಿ, ಲಾಕ್ ಎಲ್ಲ ಒಂದೇ ಇರುವ ಎರಡು ಚಾಕುಗಳ ಬೆಲೆಯಲ್ಲಿ ಭಾರಿ ಅಂತರವಿದ್ದರೆ ಅದಕ್ಕೆ ಹೆಚ್ಚಾಗಿ ಈ ಹೆಸರೇ ಕಾರಣ. ಆ ಅಂತರಕ್ಕೆ ಅರ್ಥವಿದೆಯೇ ಎಂದು ಮನೆಯಲ್ಲೇ ಕೂತು ತೂಗಿ ನೋಡಬಹುದು. ಬೇಕಾದದ್ದು ಒಂದು ಭೂತಗನ್ನಡಿ, ದಪ್ಪ ಅಳೆಯುವ ಕ್ಯಾಲಿಪರ್, ಒಂದು ಮಾರ್ಕರ್, ಒಂದಷ್ಟು ರಟ್ಟು, ಒಳ್ಳೆಯ ಸಾಣೆಕಲ್ಲು ಮತ್ತು ಒಂದು ಬಿಡುವಿನ ಮಧ್ಯಾಹ್ನ.

1. ನಿಮ್ಮ ಚಾಕು ಹೇಗೆ ಸೋಲುತ್ತದೆ ನೋಡಿಕೊಳ್ಳಿ

ಹರಿತ ಹೋಗುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅಂಚು ಕೆಡುವ ದಾರಿಗಳು ನಾಲ್ಕು. ರಟ್ಟು, ಹಗ್ಗದಂಥವನ್ನು ಕತ್ತರಿಸುತ್ತಾ ಸವೆಯುತ್ತದೆ. ಒತ್ತಡಕ್ಕೆ ಪಕ್ಕಕ್ಕೆ ಬಾಗುತ್ತದೆ. ಗಟ್ಟಿ ವಸ್ತು ತಾಗಿ ಮುಕ್ಕಾಗುತ್ತದೆ. ಬೆವರು, ಉಪ್ಪುನೀರು, ಹುಳಿ ತಾಗಿ ತುಕ್ಕು ತಿನ್ನುತ್ತದೆ. ನಿಮ್ಮ ಹಳೆಯ ಚಾಕುವಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಹೋಲಿಕೆಯೆಲ್ಲ ಈ ಚೀಟಿಯ ಮೇಲೆ ನಿಂತಿದೆ.

ಸವೆತ ತಡೆಯುವ ಗುಣ ಮತ್ತು ಪೆಟ್ಟು ತಾಳುವ ಗುಣ, ಎರಡನ್ನೂ ಒಂದೇ ಉಕ್ಕಿನಲ್ಲಿ ಪೂರ್ತಿಯಾಗಿ ಪಡೆಯಲಾಗದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ.

2. ಮಾಹಿತಿ ಹಾಳೆಯಲ್ಲಿ ಮೂರು ಅಂಕಿ ಹುಡುಕಿ

ಉಕ್ಕು ತಯಾರಿಸುವ ಕಂಪನಿಗಳು ಪ್ರತಿ ಉಕ್ಕಿಗೂ ಒಂದು ಮಾಹಿತಿ ಹಾಳೆ ಕೊಡುತ್ತವೆ. ಅದರಲ್ಲಿ ಇಂಗಾಲ, ಕ್ರೋಮಿಯಂ, ವೆನೇಡಿಯಂ ಎಷ್ಟೆಷ್ಟು ಎಂದು ನೋಡಿ. ಇಂಗಾಲ ಗಡಸುತನಕ್ಕೆ, ಕ್ರೋಮಿಯಂ ತುಕ್ಕು ತಡೆಗೆ, ವೆನೇಡಿಯಂ ಸವೆತ ತಡೆಗೆ ಎಂಬ ಸುಲಭ ಸೂತ್ರ ಎಲ್ಲರ ಬಾಯಲ್ಲೂ ಇದೆ. ಆದರೆ ಈ ಸೂತ್ರವನ್ನೇ ನಂಬಿ ಕೂತರೆ ಮೋಸ ಹೋಗುತ್ತೀರಿ.

ಡಿ2 ಎಂಬ ಹಳೆಯ ಉಕ್ಕಿನಲ್ಲಿ ಇಂಗಾಲ ಶೇ 1.5ರಷ್ಟು, ಕ್ರೋಮಿಯಂ ಸುಮಾರು ಶೇ 12. ಮ್ಯಾಗ್ನಾಕಟ್‌ನಲ್ಲಿ ಇಂಗಾಲ ಶೇ 1.15, ಕ್ರೋಮಿಯಂ ಶೇ 10.7 ಮಾತ್ರ. ಸೂತ್ರದ ಪ್ರಕಾರ ಮೊದಲು ತುಕ್ಕು ಹಿಡಿಯಬೇಕಾದದ್ದು ಮ್ಯಾಗ್ನಾಕಟ್. ನಿಜದಲ್ಲಿ ಮೊದಲು ಕಲೆ ಬೀಳುವುದು ಡಿ2ಗೆ. ಕ್ರೋಮಿಯಂ ತುಕ್ಕನ್ನು ತಡೆಯಬೇಕಾದರೆ ಅದು ಉಕ್ಕಿನೊಳಗೆ ಕರಗಿ ಬಿಡಿಯಾಗಿ ಇರಬೇಕು. ಡಿ2ನಲ್ಲಿ ಅದರ ದೊಡ್ಡ ಪಾಲನ್ನು ಇಂಗಾಲ ಹಿಡಿದು ಕಾರ್ಬೈಡ್ ಎಂಬ ಗಟ್ಟಿ ಕಣಗಳಾಗಿ ಕಟ್ಟಿಹಾಕುತ್ತದೆ. ಮ್ಯಾಗ್ನಾಕಟ್‌ನಲ್ಲಿ ಇಂಗಾಲಕ್ಕೆ ಜೊತೆಯಾಗುವುದು ಶೇ 4ರಷ್ಟು ವೆನೇಡಿಯಂ, ಶೇ 2ರಷ್ಟು ನಿಯೋಬಿಯಂ. ಕ್ರೋಮಿಯಂ ಬಿಡುವಾಗಿ ಉಳಿದು ತನ್ನ ಕೆಲಸ ನೋಡಿಕೊಳ್ಳುತ್ತದೆ. ಲೋಹ ವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ ಈ ಉಕ್ಕು 2021ರಲ್ಲಿ ಬಂದಾಗ ಚಾಕು ಪ್ರಿಯರು ಬೆರಗಾದದ್ದು ಇದಕ್ಕೇ.

ಹಾಗಾಗಿ ಕ್ರೋಮಿಯಂ ಎಷ್ಟಿದೆ ಎಂದು ನೋಡಿದ ಕೂಡಲೇ ಅದರ ಪಕ್ಕದಲ್ಲಿ ಇಂಗಾಲ ಎಷ್ಟಿದೆ, ಆ ಇಂಗಾಲವನ್ನು ಹಿಡಿದಿಡಲು ವೆನೇಡಿಯಂ ಎಷ್ಟಿದೆ ಎಂದೂ ನೋಡಿ. ಒಂಟಿ ಅಂಕಿ ಏನನ್ನೂ ಹೇಳುವುದಿಲ್ಲ.

3. ಜಲ್ಲಿ ದಪ್ಪವೋ ಸಣ್ಣದೋ?

ಉಕ್ಕನ್ನು ಕಾಂಕ್ರೀಟ್ ಎಂದುಕೊಳ್ಳಿ. ಕಾರ್ಬೈಡ್ ಕಣಗಳು ಜಲ್ಲಿ, ಸುತ್ತಲಿನ ಉಕ್ಕು ಸಿಮೆಂಟು. ಜಲ್ಲಿ ಹೆಚ್ಚಿದ್ದಷ್ಟೂ ಸವೆತ ಕಡಿಮೆ. ಆದರೆ ಅಂಚನ್ನು ಕಾಗದಕ್ಕಿಂತ ತೆಳ್ಳಗೆ ಮಸೆದಾಗ ದಪ್ಪ ಜಲ್ಲಿ ಹಿಡಿತ ತಪ್ಪಿ ಉದುರುತ್ತದೆ. ಅಲ್ಲೇ ಮುಕ್ಕು ಶುರು.

ಕರಗಿದ ಉಕ್ಕನ್ನು ದೊಡ್ಡ ಗಟ್ಟಿಯಾಗಿ ಎರಕ ಹೊಯ್ದರೆ ಅದು ನಿಧಾನವಾಗಿ ಆರುವಷ್ಟರಲ್ಲಿ ಕಾರ್ಬೈಡುಗಳು ಬೆಳೆದು ದಪ್ಪವಾಗುತ್ತವೆ. ಪುಡಿ ಲೋಹ ವಿಧಾನದಲ್ಲಿ ಕರಗಿದ ಉಕ್ಕಿನ ಧಾರೆಗೆ ರಭಸವಾಗಿ ಅನಿಲ ಊದಿ ತುಂತುರು ಮಾಡುತ್ತಾರೆ. ಒಂದೊಂದು ಹನಿಯೂ ಕ್ಷಣದಲ್ಲಿ ಗಟ್ಟಿಯಾಗುವುದರಿಂದ ಒಳಗಿನ ಕಣಗಳಿಗೆ ಬೆಳೆಯಲು ಪುರುಸೊತ್ತೇ ಇರುವುದಿಲ್ಲ. ಆ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಬೆಸೆದು ಮತ್ತೆ ಗಟ್ಟಿ ಮಾಡುತ್ತಾರೆ. ಹೆಸರಿನ ಮುಂದೆ ಸಿಪಿಎಂ ಎಂದಿದ್ದರೆ ಇದೇ ವಿಧಾನ. ಎಂ390, ಎಲ್ಮ್ಯಾಕ್ಸ್ ಕೂಡ ಹೀಗೇ ಆದವು. ವಿಜಿ10, 154ಸಿಎಂ ಎರಕದವು. 154ಸಿಎಂಗೆ ಪುಡಿ ವಿಧಾನದ ತಮ್ಮನೂ ಒಬ್ಬನಿದ್ದಾನೆ, ಅವನು ಸಿಪಿಎಂ 154.

2001ರ ಎಸ್30ವಿಯಲ್ಲಿ ವೆನೇಡಿಯಂ ಶೇ 4. 2009ರಲ್ಲಿ ಬಂದ ಎಸ್35ವಿಎನ್‌ನಲ್ಲಿ ಅದನ್ನು ಶೇ 3ಕ್ಕೆ ಇಳಿಸಿ ಶೇ 0.5ರಷ್ಟು ನಿಯೋಬಿಯಂ ಸೇರಿಸಿದರು. ಪೆಟ್ಟು ತಾಳುವ ಗುಣ ಹೆಚ್ಚಬೇಕು, ಯಂತ್ರದಲ್ಲಿ ಕೆಲಸ ಸಲೀಸಾಗಬೇಕು ಎಂಬುದು ಗುರಿ. ಎಸ್90ವಿ ಮಾತ್ರ ತದ್ವಿರುದ್ಧ ದಿಕ್ಕಿಗೆ ಹೋಗಿದೆ: ಇಂಗಾಲ ಶೇ 2.3, ವೆನೇಡಿಯಂ ಶೇ 9. ದಿನವಿಡೀ ರಟ್ಟು ಕತ್ತರಿಸುವವರಿಗೆ ಅದು ವರ. ಚಾಕುವಿನಿಂದ ಮುಚ್ಚಳ ಮೀಟುವ ಚಾಳಿ ಇರುವವರು ಹತ್ತಿರ ಸುಳಿಯದಿರುವುದು ಮೇಲು. (ಮೀಟುವುದಕ್ಕೆ ಯಾವ ಚಾಕುವೂ ಅಲ್ಲ, ಆ ಮಾತು ಬೇರೆ.)

4. ಹೆಸರು ಬೇರೆ, ಉಕ್ಕು ಒಂದೇ

ಎಂ390, 20ಸಿವಿ, 204ಪಿ ಮೂರನ್ನೂ ಅಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಡಿ. ಬೋಲರ್, ಕ್ರೂಸಿಬಲ್, ಕಾರ್ಪೆಂಟರ್ ಎಂಬ ಮೂರು ಕಂಪನಿಗಳು ಒಂದೇ ಪಾಕಕ್ಕೆ ಇಟ್ಟ ಮೂರು ಹೆಸರು ಅವು: ಇಂಗಾಲ ಶೇ 1.9, ಕ್ರೋಮಿಯಂ ಶೇ 20, ವೆನೇಡಿಯಂ ಶೇ 4.

5. ಹದ ಎಷ್ಟು ಎಂದು ಕೇಳಿ

ಉಕ್ಕಿನ ಹೆಸರು ಸಾಮಗ್ರಿ ಪಟ್ಟಿಯಷ್ಟೇ. ಅಡುಗೆ ಆಗುವುದು ಕುಲುಮೆಯಲ್ಲಿ. ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿದ ಮೇಲೆ ಬರುವ ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. 58ಕ್ಕೂ 61ಕ್ಕೂ ಏನು ಮಹಾ ಅಂತರ ಅನ್ನಿಸಬಹುದು. ಅಂಚಿನಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. 58ರಲ್ಲಿ ನಿಂತ ಎಂ390 ಬಾಗುತ್ತದೆ, 61ರದ್ದು ನೆಟ್ಟಗೆ ನಿಲ್ಲುತ್ತದೆ. ಕೊನೆಯ ಬಿಸಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆದರೆ ತುಕ್ಕು ತಡೆಯುವ ಗುಣ ಉಳಿಯುತ್ತದೆ. 500 ದಾಟಿಸಿದರೆ ಕರಗಿದ್ದ ಕ್ರೋಮಿಯಂನಲ್ಲಿ ಒಂದು ಪಾಲು ಮತ್ತೆ ಕಾರ್ಬೈಡಿನ ಪಾಲಾಗಿ ಆ ಗುಣ ತಗ್ಗುತ್ತದೆ. ಗಡಸುತನದ ಅಂಕಿಯನ್ನು ಬಾಯಿಬಿಟ್ಟು ಹೇಳದ ತಯಾರಕರ ಬಗ್ಗೆ ನನಗಂತೂ ಸ್ವಲ್ಪ ಗುಮಾನಿ.

6. ಅಂಚಿನ ಹಿಂದಿನ ದಪ್ಪ ಅಳೆಯಿರಿ

ಮಸೆದ ಓರೆ ಶುರುವಾಗುವ ಜಾಗದಲ್ಲಿ ಕ್ಯಾಲಿಪರ್ ಹಿಡಿಯಿರಿ. ಒಂದರದ್ದು 0.3 ಮಿ.ಮೀ., ಇನ್ನೊಂದರದ್ದು 0.8 ಮಿ.ಮೀ. ಬಂದರೆ, ಉಕ್ಕು ಯಾವುದೇ ಇರಲಿ, ಮೊದಲನೆಯದು ಸಲೀಸಾಗಿ ಇಳಿಯುತ್ತದೆ. ಮಸೆಯುವ ಕೋನವೂ ಅಷ್ಟೇ ಮುಖ್ಯ. ಬದಿಗೆ 15 ಡಿಗ್ರಿಯಲ್ಲಿ ಮಸೆದ ಸಾಧಾರಣ ಉಕ್ಕು 25 ಡಿಗ್ರಿಯಲ್ಲಿ ಮಸೆದ ಶ್ರೀಮಂತ ಉಕ್ಕಿನ ಮುಖಕ್ಕೆ ಮಂಗಳಾರತಿ ಮಾಡಿದ್ದನ್ನು ನೋಡಿದ್ದೇನೆ.

7. ಎರಡನ್ನೂ ಒಂದೇ ಕಲ್ಲಿನಲ್ಲಿ ಮಸೆದು ರಟ್ಟಿಗೆ ಬಿಡಿ

ಕಾರ್ಖಾನೆಯಿಂದ ಬಂದ ಅಂಚಿನಲ್ಲೇ ಪರೀಕ್ಷೆ ಮಾಡಬೇಡಿ. ಈ ಪಾಠ ನನಗೆ ದುಬಾರಿಯಾಗಿಯೇ ಸಿಕ್ಕಿದ್ದು. ಹೊಸ ಎಸ್90ವಿ ಚಾಕು ಇಪ್ಪತ್ತು ಸೀಳಿಗೆ ಕಾಗದದ ಮೇಲೆ ಜಾರತೊಡಗಿತು. ಪಕ್ಕದಲ್ಲಿದ್ದ ಹಳೆಯ ಅಗ್ಗದ ಚಾಕು ಇನ್ನೂ ಕತ್ತರಿಸುತ್ತಿತ್ತು. ಬಾಯಿಗೆ ಬಂದಂತೆ ಬಯ್ದು ಭೂತಗನ್ನಡಿ ಹಿಡಿದರೆ, ಅಂಚಿನುದ್ದಕ್ಕೂ ಕೂದಲಿಗಿಂತ ತೆಳ್ಳನೆಯ ಒಂದು ಎಳೆ ಮಿನುಗುತ್ತಿದೆ. ಮಸೆಯುವಾಗ ಆಚೆ ಬದಿಗೆ ಮಡಚಿಕೊಂಡ ಉಕ್ಕು ಅದು, ಪೂರ್ತಿ ತೆಗೆದಿರಲಿಲ್ಲ. ಕಾರ್ಖಾನೆಯಲ್ಲಿ ಓಡುವ ಸಾಣೆಪಟ್ಟಿಯ ಮೇಲೆ ಮಸೆಯುವಾಗ ತುದಿ ಬಿಸಿಯಾಗಿ ಹದ ಕೆಡುವುದೂ ಉಂಟು. ಮೂರನೇ ಬಾರಿ ಸಾಣೆ ಹಿಡಿದ ಮೇಲೆ ಅದೇ ಅಲಗು ಹಳೆಯದನ್ನು ಬಹಳ ಹಿಂದೆ ಬಿಟ್ಟಿತು. ಬಯ್ದದ್ದನ್ನೆಲ್ಲ ವಾಪಸ್ ತೆಗೆದುಕೊಂಡೆ.

ಆದ್ದರಿಂದ ಎರಡೂ ಚಾಕುಗಳನ್ನು ಒಂದೇ ಕೋನದಲ್ಲಿ, ಒಂದೇ ಕಲ್ಲಿನಲ್ಲಿ ಮಸೆಯಿರಿ. ಅಂಚಿನ ಓರೆಗೆ ಮಾರ್ಕರ್ ಬಳಿದು ಒಮ್ಮೆ ಉಜ್ಜಿದರೆ ಕಲ್ಲು ಎಲ್ಲಿ ತಾಗುತ್ತಿದೆ ಎಂದು ಬಣ್ಣವೇ ಹೇಳುತ್ತದೆ. ಹೆಬ್ಬೆರಳನ್ನು ಅಲಗಿನ ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಮೆಲ್ಲಗೆ ಸವರಿ. ಗರಗರ ಎಂದರೆ ಎಳೆ ಇನ್ನೂ ಇದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ.

ಆಮೇಲೆ ಅಲಗಿನ ಮೇಲೆ 3 ಸೆಂ.ಮೀ. ಜಾಗ ಗುರುತು ಹಾಕಿ, ಅಷ್ಟರಲ್ಲೇ ಕತ್ತರಿಸಿ. ರಟ್ಟು ಒಂದೇ ಪೆಟ್ಟಿಗೆಯದಿರಲಿ, ಒಳಗಿನ ಅಲೆ ಪದರಕ್ಕೆ ಅಡ್ಡವಾಗಿ ಸೀಳಿ. ಹತ್ತು ಸೀಳಿಗೊಮ್ಮೆ ತೆಳು ಕಾಗದದಲ್ಲಿ ಪರೀಕ್ಷಿಸಿ, ಕಾಗದ ನೀಟಾಗಿ ಕತ್ತರಿಸದೆ ಹರಿಯಲು ಶುರುವಾದಾಗ ಎಷ್ಟು ಸೀಳು ಆಗಿತ್ತೆಂದು ಬರೆದುಕೊಳ್ಳಿ. ಒಂದೇ ಸಲದ ಲೆಕ್ಕ ನಂಬಬೇಡಿ, ಮಸೆದು ಇನ್ನೆರಡು ಸಲ ಮಾಡಿ. ಪ್ರಯೋಗಾಲಯಗಳಲ್ಲಿ ಕಟ್ರಾ ಎಂಬ ಯಂತ್ರ ಮರಳಿನ ಪುಡಿ ಬೆರೆಸಿದ ಕಾಗದವನ್ನು ಹೀಗೇ ಕತ್ತರಿಸಿ ಅಂಕ ಕೊಡುತ್ತದೆ. ಆ ಅಂಕ ಸವೆತದ್ದು ಮಾತ್ರ, ಮುಕ್ಕು ಮತ್ತು ತುಕ್ಕಿನ ಮಾತು ಅದರಲ್ಲಿಲ್ಲ.

8. ಕಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ

ವಿಕರ್ಸ್ ಎಂಬ ಗಡಸುತನದ ಅಳತೆಯಲ್ಲಿ ಮಾಮೂಲಿ ಅಲ್ಯೂಮಿನಿಯಂ ಆಕ್ಸೈಡ್ ಸಾಣೆಕಲ್ಲು ಸುಮಾರು 2100. ಕ್ರೋಮಿಯಂ ಕಾರ್ಬೈಡ್ 1500ರ ಆಸುಪಾಸು, ಹಾಗಾಗಿ ಕಲ್ಲಿಗೆ ಬಗ್ಗುತ್ತದೆ. ವೆನೇಡಿಯಂ ಕಾರ್ಬೈಡ್ ಸುಮಾರು 2800. ಕಲ್ಲೇ ಸೋಲುತ್ತದೆ. ಎಸ್90ವಿಯಂಥ ಉಕ್ಕು ಕೊಳ್ಳುವುದಾದರೆ ವಜ್ರದ ಕಣಗಳ ಸಾಣೆಯ ಖರ್ಚನ್ನೂ ಚಾಕುವಿನ ಬೆಲೆಗೆ ಸೇರಿಸಿಯೇ ಹೋಲಿಸಿ. ಡಿ2, ವಿಜಿ10, 154ಸಿಎಂಗೆ ಮನೆಯಲ್ಲಿರುವ ಕಲ್ಲು ಸಾಕು.

ಈಗ ಮೊದಲು ಬರೆದಿಟ್ಟ ಚೀಟಿ ತೆಗೆಯಿರಿ. ಸವೆತ ಎಂದಿದ್ದರೆ ಎಸ್90ವಿ ಅಥವಾ ಎಂ390. ತುಕ್ಕು ಮತ್ತು ಮುಕ್ಕು ಎರಡೂ ಇದ್ದರೆ ಮ್ಯಾಗ್ನಾಕಟ್. ಚಾಕು ಸದಾ ಉಪ್ಪುನೀರಿನಲ್ಲೇ ಇರುತ್ತದೆ ಎಂದಾದರೆ ಇಂಗಾಲದ ಬದಲು ಸಾರಜನಕವನ್ನೇ ಹೆಚ್ಚು ನೆಚ್ಚಿದ ಎಲ್‌ಸಿ200ಎನ್. ಬೇಗ ಸವೆಯುತ್ತದೆ, ಅಷ್ಟೇ ಬೇಗ ಸಾಣೆಗೂ ಬರುತ್ತದೆ.

ಪರೀಕ್ಷೆ ಮುಗಿದ ಮೇಲೆ ಚಾಕುವನ್ನು ಹಾಗೇ ಮಡಚಿ ಜೇಬಿಗಿಳಿಸಬೇಡಿ. ರಟ್ಟಿನ ಪುಡಿ ಕೀಲಿನೊಳಗೆ ಹೋಗಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಊದಿ, ಒಣ ಬ್ರಷ್ಷಿನಿಂದ ಕೆದಕಿ ತೆಗೆದು, ಕೀಲಿಗೆ ಒಂದೇ ಹನಿ ಎಣ್ಣೆ ಬಿಟ್ಟು ನಾಲ್ಕೈದು ಸಲ ಬಿಚ್ಚಿ ಮಡಚಿ. ಹೆಚ್ಚು ಬಿಟ್ಟರೆ ಮುಂದಿನ ಸಲದ ಪುಡಿಯೆಲ್ಲ ಅಲ್ಲೇ ಅಂಟಿಕೊಳ್ಳುತ್ತದೆ.