ಇಳಕಲ್ ಸೀರೆಯ ಜಾಹೀರಾತು ನೀವೇ ಮಾಡಿ, ಬಣ್ಣ ಮಾತ್ರ ಕೆಡಿಸಬೇಡಿ

ಪಂಚಮಿ ಹತ್ತಿರ ಬಂತು ಅಂದರೆ ಇಳಕಲ್, ಗುಳೇದಗುಡ್ಡ, ಬಾಗಲಕೋಟೆಯ ಅಂಗಡಿಯವರ ವಾಟ್ಸ್ಆ್ಯಪ್ ಸ್ಟೇಟಸ್ ತುಂಬಾ ಸೀರೆ, ಕುಪ್ಪಸದ ಖಣಗಳೇ. ಮಗ್ಗದ ಮನೆಯವರೂ ಈಗ ಮೊಬೈಲಿನಲ್ಲಿ ಫೋಟೊ ತೆಗೆದು ನೇರವಾಗಿ ಮಾರುತ್ತಾರೆ. ಇದು ಬಹಳ ಒಳ್ಳೆಯ ಬೆಳವಣಿಗೆ. ಆದರೆ ಪಾರ್ಸೆಲ್ ಬಿಚ್ಚಿದ ಮೇಲೆ ಬರುವ ದೂರು ಹೆಚ್ಚಾಗಿ ಒಂದೇ: "ಅಣ್ಣಾರ, ಫೋಟೊದಾಗ ಬಣ್ಣ ಬ್ಯಾರೆ ಇತ್ರಿ, ಇದು ಬ್ಯಾರೆನ ಐತ್ರಿ." ನೇಕಾರರು ಮೋಸ ಮಾಡಿರುವುದಿಲ್ಲ. ಫೋಟೊ ತೆಗೆಯುವಾಗ, ತಿದ್ದುವಾಗ ಬಣ್ಣ ಬದಲಾಗಿರುತ್ತದೆ. ಸೀರೆ ಹೇಗಿದೆಯೋ ಹಾಗೆಯೇ ಕಾಣುವಂಥ ಜಾಹೀರಾತನ್ನು, ದುಡ್ಡು ಖರ್ಚಿಲ್ಲದ ಸಾಫ್ಟ್‌ವೇರ್ ಬಳಸಿ ಮಾಡುವುದು ಹೇಗೆ ಅಂತ ನೋಡೋಣ.

ಮೊದಲು ಫೋಟೊ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಕೆಟ್ಟ ಫೋಟೊವನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ಸರಿಮಾಡಲಾರದು.

ಸೀರೆಯನ್ನು ನೇರ ಬಿಸಿಲಿಗೆ ಹಿಡಿಯಬೇಡಿ. ನಮ್ಮ ಕಡೆಯ ಬಿಸಿಲಿಗೆ ರೇಷ್ಮೆ ಸೆರಗು ಹೊಳೆದು ಬೆಳ್ಳಗೆ ಕಾಣುತ್ತದೆ, ಮಡಿಕೆಗಳ ನೆರಳು ಕಪ್ಪಾಗುತ್ತದೆ. ಪಡಸಾಲೆಯಲ್ಲಿ, ಬಾಗಿಲ ಹತ್ತಿರ, ನೆರಳಲ್ಲಿ ಹಾಸಿ. ಬೆಳಗ್ಗೆ ಒಂಬತ್ತು, ಹತ್ತರ ಬೆಳಕು ಚೆನ್ನ. ಮುಖ್ಯವಾದ ಮಾತು: ಒಳಗಿನ ಬಲ್ಬು, ಟ್ಯೂಬ್‌ಲೈಟ್ ಎಲ್ಲ ಆರಿಸಿ. ಬಾಗಿಲ ಬೆಳಕು ಒಂದು ಬಣ್ಣದ್ದು, ಬಲ್ಬಿನ ಬೆಳಕು ಇನ್ನೊಂದು ಬಣ್ಣದ್ದು. ಎರಡೂ ಸೇರಿದರೆ ಸೀರೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಆಗುತ್ತದೆ. ಆಮೇಲೆ ಅದನ್ನು ತಿದ್ದುವುದು ಬಹಳ ಕಷ್ಟ.

ಇಳಕಲ್ ಸೀರೆಗೆ ಇನ್ನೊಂದು ತೊಡಕಿದೆ. ಟೋಪ್ ತೆನಿ ವಿನ್ಯಾಸದ ಸೆರಗು ಅಂದರೆ ಗಾಢ ಕೆಂಪು. ಮೊಬೈಲ್ ಕ್ಯಾಮೆರಾಗಳಿಗೆ ಗಾಢ ಕೆಂಪು ಅಂದರೆ ಕಷ್ಟ. ಕೆಂಪಿನ ಅಂಶ ಮಿತಿ ಮೀರಿ, ನೇಯ್ಗೆಯ ಎಳೆಗಳು ಕಾಣದೆ ಬರೀ ಕೆಂಪು ಬಣ್ಣ ಬಳಿದ ಹಾಗೆ ಆಗುತ್ತದೆ. ಅದಕ್ಕೆ ಸುಲಭದ ಉಪಾಯ: ಪರದೆಯ ಮೇಲೆ ಸೆರಗಿನ ಜಾಗದಲ್ಲಿ ಬೆರಳು ಒತ್ತಿ. ಸಣ್ಣ ಸೂರ್ಯನ ಗುರುತು ಬರುತ್ತದೆ. ಅದನ್ನು ಸ್ವಲ್ಪ ಕೆಳಗೆ ಎಳೆದು ಬೆಳಕು ತಗ್ಗಿಸಿ. ಫೋಟೊ ತುಸು ಕಪ್ಪಾಗಿ ಬಂದರೂ ಪರವಾಗಿಲ್ಲ. ಕಪ್ಪಾದದ್ದನ್ನು ಆಮೇಲೆ ಬೆಳಗಿಸಬಹುದು, ಅಳಿಸಿಹೋದ ಎಳೆಯನ್ನು ಮರಳಿ ತರಲು ಆಗುವುದಿಲ್ಲ.

ಕ್ಯಾಮೆರಾದಲ್ಲಿ ಬ್ಯೂಟಿ, ವಿವಿಡ್, ಎಐ ಎಂಬ ಆಯ್ಕೆಗಳು ಆನ್ ಆಗಿದ್ದರೆ ಆಫ್ ಮಾಡಿ. ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಜೂಮ್ ಮಾಡುವ ಬದಲು ಹತ್ತಿರ ಹೋಗಿ.

ಪ್ರತಿ ಸೀರೆಗೆ ನಾಲ್ಕು ಫೋಟೊ ಸಾಕು: ಪೂರ್ತಿ ಸೀರೆ, ಸೆರಗು, ದಡಿಯ (ಅಂಚಿನ) ಹತ್ತಿರದ ನೋಟ, ಕೊನೆಗೆ ಕೊಂಡಿ. ಈ ಕೊನೆಯದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಒಡಲಿನ ಹಾಸಿಗೂ (ಮಗ್ಗದ ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದೇ ಇಳಕಲ್ ನೇಯ್ಗೆಯ ಗುರುತು. ಗೊತ್ತಿದ್ದವರು ಮೊದಲು ನೋಡುವುದು ಅದನ್ನೇ. ನಿಮ್ಮ ಜಾಹೀರಾತಿನಲ್ಲಿ ಆ ಜೋಡಣೆ ಚೊಕ್ಕಾಗಿ ಕಂಡರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ಚಿಕ್ಕ ಕೆಲಸ. ಪ್ರತಿ ಸಲ ಫೋಟೊ ತೆಗೆಯಲು ಕೂತಾಗ ಮೊದಲ ಫೋಟೊದಲ್ಲಿ ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಡಿ. ನೀಲಿ ಛಾಯೆಯ ಥಳಥಳ ಹಾಳೆ ಬೇಡ, ಸಾದಾ ಬಿಳಿಯದು ಇರಲಿ. ಬಣ್ಣ ತಿದ್ದುವಾಗ ಈ ಹಾಳೆಯೇ ನಿಮಗೆ ಆಧಾರ.

ಸಾಫ್ಟ್‌ವೇರ್ ಎಲ್ಲಿಂದ ತರಬೇಕು?

ಮೊಬೈಲಿನಲ್ಲೇ ಮುಗಿಸುವವರಿಗೆ ಗೂಗಲ್ಲಿನ ಸ್ನ್ಯಾಪ್‌ಸೀಡ್ ಸಾಕು. ಕಂಪ್ಯೂಟರ್ ಇದ್ದರೆ ಫೋಟೊ ತಿದ್ದುವ ಜಿಂಪ್ ಹಾಕಿಕೊಳ್ಳಿ. 1995ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ ಇದು ಇವತ್ತಿಗೂ ಪೂರ್ತಿ ಉಚಿತ. 2025ರಲ್ಲಿ ಇದರ 3.0 ಆವೃತ್ತಿ ಬಂತು. ಲೋಗೊ ಮತ್ತು ಅಕ್ಷರದ ಕೆಲಸಕ್ಕೆ ಇಂಕ್‌ಸ್ಕೇಪ್, ಅದೂ ಉಚಿತ. ಏನೂ ಇನ್‌ಸ್ಟಾಲ್ ಮಾಡಲು ಇಷ್ಟವಿಲ್ಲದಿದ್ದರೆ ಬ್ರೌಸರಿನಲ್ಲೇ ತೆರೆಯುವ ಫೋಟೊಪಿಯಾ ಇದೆ. ಅದು ಫೋಟೊಶಾಪ್ ಫೈಲುಗಳನ್ನೂ ತೆರೆಯುತ್ತದೆ. ಕ್ಯಾನ್ವಾದಲ್ಲಿ ಪೋಸ್ಟರ್ ಬೇಗ ಆಗುತ್ತದೆ, ಆದರೆ ಕಿರೀಟದ ಗುರುತು ಇರುವ ಚಿತ್ರ, ಅಕ್ಷರಗಳಿಗೆ ದುಡ್ಡು ಕೊಡಬೇಕು. ಇಷ್ಟೂ ಕಲಿಯುವ ಅಗತ್ಯವಿಲ್ಲ. ಸ್ನ್ಯಾಪ್‌ಸೀಡ್ ಮತ್ತು ಕ್ಯಾನ್ವಾ ಒಂದು ಜೋಡಿ, ಜಿಂಪ್ ಮತ್ತು ಇಂಕ್‌ಸ್ಕೇಪ್ ಇನ್ನೊಂದು ಜೋಡಿ. ಯಾವುದಾದರೂ ಒಂದು ಜೋಡಿ ಹಿಡಿದುಕೊಳ್ಳಿ.

ಹುಷಾರಾಗಿ ಇರಬೇಕಾದದ್ದು ಡೌನ್‌ಲೋಡ್ ಮಾಡುವಾಗ. ಗೂಗಲ್ಲಿನಲ್ಲಿ ಸಾಫ್ಟ್‌ವೇರ್ ಹೆಸರು ಹಾಕಿದರೆ ಮೇಲೆ ಬರುವ ಫಲಿತಾಂಶ ಎಷ್ಟೋ ಸಲ ಜಾಹೀರಾತಾಗಿರುತ್ತದೆ. 2022ರಲ್ಲಿ ಜಿಂಪ್ ಹೆಸರಲ್ಲೇ ಹೀಗೊಂದು ಮೋಸ ನಡೆಯಿತು. ಜಾಹೀರಾತಿನಲ್ಲಿ ಕಾಣುತ್ತಿದ್ದದ್ದು ಜಿಂಪ್‌ನ ಅಸಲಿ ವಿಳಾಸ. ಒತ್ತಿದರೆ ತೆರೆಯುತ್ತಿದ್ದದ್ದು ಅದೇ ಥರ ಕಾಣುವ ನಕಲಿ ತಾಣ. ಅಲ್ಲಿಂದ ಇಳಿಸಿಕೊಂಡವರ ಕಂಪ್ಯೂಟರಿಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಬಂದು ಕೂತಿತು. ಹಾಗಾಗಿ 'ಪ್ರಾಯೋಜಿತ' ಅಂತ ಬರೆದಿರುವುದನ್ನು ಒತ್ತಬೇಡಿ. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಜಿಂಪ್ ಡಾಟ್ ಆರ್ಗ್ ಅಂತ ನೀವೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಮೊಬೈಲಿಗಾದರೆ ಪ್ಲೇ ಸ್ಟೋರ್ ಬಿಟ್ಟು ಬೇರೆಲ್ಲೂ ಹೋಗಬೇಡಿ. ಪೆನ್‌ಡ್ರೈವಿನಲ್ಲಿ ಓಡಾಡುವ 'ಕ್ರ್ಯಾಕ್' ಫೋಟೊಶಾಪ್ ಅಂತೂ ಬೇಡವೇ ಬೇಡ. ಅದೇ ಕಂಪ್ಯೂಟರಿನಲ್ಲಿ ನಿಮ್ಮ ಬ್ಯಾಂಕಿನ ವ್ಯವಹಾರವೂ ಇರುತ್ತದೆ ಅಲ್ವಾ? ಹಣ ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬಣ್ಣ ತಿದ್ದುವ ಕ್ರಮ

ಜಿಂಪ್‌ನಲ್ಲಿ ಬಿಳಿ ಹಾಳೆ ಇರುವ ಫೋಟೊ ತೆರೆಯಿರಿ. ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ಒತ್ತಿ. ಅಲ್ಲಿ ಕಪ್ಪು, ಬೂದು, ಬಿಳಿಗೆ ಒಂದೊಂದು ಪಿಚಕಾರಿಯಂಥ ಗುರುತು ಕಾಣುತ್ತದೆ. ಬೂದು ಬಣ್ಣದ್ದನ್ನು ತೆಗೆದುಕೊಂಡು ಹಾಳೆಯ ಮೇಲೆ ಒಮ್ಮೆ ಒತ್ತಿ. ಹಾಳೆಗೆ ಹತ್ತಿದ್ದ ಹಳದಿ ಅಥವಾ ನೀಲಿ ಛಾಯೆ ಹೋಗುತ್ತದೆ, ಅದರ ಜೊತೆಗೇ ಸೀರೆಯ ಬಣ್ಣವೂ ಸರಿಯಾಗುತ್ತದೆ. ಈ ತಿದ್ದುಪಡಿಯನ್ನು ಪ್ರೀಸೆಟ್ ಅಂತ ಉಳಿಸಿ, ಅದೇ ಬೆಳಕಿನಲ್ಲಿ ತೆಗೆದ ಉಳಿದ ಫೋಟೊಗಳಿಗೂ ಹಾಕಿ. ಸ್ನ್ಯಾಪ್‌ಸೀಡಿನಲ್ಲಾದರೆ ವೈಟ್ ಬ್ಯಾಲೆನ್ಸ್ ಒಳಗೆ ಇದೇ ಪಿಚಕಾರಿ ಇದೆ.

ಇಷ್ಟಾದ ಮೇಲೆ ಬೇಕಾದರೆ ಬೆಳಕನ್ನು ತುಸು ಏರಿಸಿ. ಬಣ್ಣದ ಗಾಢತೆ ಏರಿಸುವ ಸ್ಯಾಚುರೇಶನ್ ಗೆರೆಯನ್ನು ಮಾತ್ರ ಮುಟ್ಟಬೇಡಿ. ಅದನ್ನು ಜಾಸ್ತಿ ಮಾಡಿದರೆ ಫೋಟೊ ಎದ್ದು ಕಾಣುತ್ತದೆ ನಿಜ, ಆದರೆ ದಾಳಿಂಬೆ ಬಣ್ಣ ಮೆಣಸಿನಕಾಯಿ ಕೆಂಪಾಗುತ್ತದೆ, ನವಿಲು ಬಣ್ಣ ಬರೀ ನೀಲಿ ಆಗುತ್ತದೆ. ಬಣ್ಣ ಹಾಕುವವರು ಅಷ್ಟು ಹದ ನೋಡಿ ತಂದ ಛಾಯೆಯನ್ನು ಒಂದು ಬೆರಳಿನಿಂದ ಅಳಿಸಿದ ಹಾಗೆ. ನನಗೆ ಇದು ಸರಿ ಅನಿಸುವುದಿಲ್ಲ.

ಈಗ ಒಂದೇ ಒತ್ತಿಗೆ ಚಿತ್ರವನ್ನು 'ಚಂದ' ಮಾಡುವ ಎಐ ಬಂದಿದೆ. ಸೀರೆಗೆ ಅದನ್ನು ಬಳಸಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಮಸುಕಾದ ಜಾಗದಲ್ಲಿ ಅದು ತನಗೆ ತೋಚಿದ್ದನ್ನು ಬಿಡಿಸುತ್ತದೆ. ಗೋಮಿ ದಡಿ ಇದ್ದದ್ದು ಯಾವುದೋ ಬೇರೆ ದಡಿಯಾಗಿ ಕಾಣಬಹುದು, ಚಿಕ್ಕಿ ಪರಾಸ್ ದಡಿಯ ಚಿಕ್ಕಿಗಳೇ ಬದಲಾಗಬಹುದು. ಸೀರೆಯಲ್ಲಿ ಇಲ್ಲದ ನೇಯ್ಗೆಯನ್ನು ಫೋಟೊದಲ್ಲಿ ತೋರಿಸಿದರೆ ಗಿರಾಕಿಗೆ ಏನಂತ ಉತ್ತರ ಹೇಳುವುದು? ಹಿಂದಿನ ಗೋಡೆ ತೆಗೆಯುವ ಎಐ ಪರವಾಗಿಲ್ಲ. ಆದರೆ ಸೆರಗಿನ ಗೊಂಡೆಗಳನ್ನೂ ಅದು ಕತ್ತರಿಸಿಬಿಡುತ್ತದೆ, ಅಂಚು ನೋಡಿಕೊಳ್ಳಿ.

ಕೊನೆಗೆ ಸೀರೆಯನ್ನೇ ತಂದು ಪರದೆಯ ಪಕ್ಕ ಹಿಡಿಯಿರಿ. ಮೊಬೈಲಿನ ಪರದೆಯನ್ನು ಹಳದಿ ಮಾಡುವ ನೈಟ್ ಮೋಡ್ ಆಫ್ ಇರಲಿ. ಮನೆಯವರ ಎರಡು ಮೂರು ಮೊಬೈಲಿನಲ್ಲೂ ನೋಡಿ. ಒಂದೊಂದು ಪರದೆ ಒಂದೊಂದು ಥರ ತೋರಿಸುತ್ತದೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಸರಿ ಇದ್ದರೆ ಆಯಿತು.

ಮೂಲ ಫೋಟೊ ಅಳಿಸಬೇಡಿ. ಜಿಂಪ್‌ನಲ್ಲಿ ಕೆಲಸವನ್ನು ಎಕ್ಸ್‌ಸಿಎಫ್ ಎಂಬ ಅದರದೇ ಫೈಲ್ ರೂಪದಲ್ಲಿ ಉಳಿಸಿ, ಕಳಿಸುವ ಪ್ರತಿಯನ್ನು ಮಾತ್ರ ಜೆಪೆಗ್ ಮಾಡಿ. ಜೆಪೆಗ್ ಫೈಲನ್ನೇ ಮತ್ತೆ ಮತ್ತೆ ತಿದ್ದಿ ಉಳಿಸಿದರೆ ಪ್ರತಿ ಸಲವೂ ಚಿತ್ರ ಸ್ವಲ್ಪ ಸ್ವಲ್ಪ ಕೆಡುತ್ತದೆ.

ಅಳತೆ ಮತ್ತು ಅಕ್ಷರ

ಸ್ಟೇಟಸ್‌ಗೆ 1080 ಅಗಲ, 1920 ಎತ್ತರದ ಪಿಕ್ಸೆಲ್. ಇನ್‌ಸ್ಟಾಗ್ರಾಂ ಚೌಕಕ್ಕೆ 1080 ಮತ್ತು 1080. ಎ4 ಕರಪತ್ರಕ್ಕೆ 2480 ಮತ್ತು 3508. ಈ ಅಳತೆಯ ಹಾಳೆಯನ್ನು ಮೊದಲೇ ತೆರೆದು, ಅದರ ಮೇಲೆ ಫೋಟೊ ಇಡಿ.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ಎಲ್ಲರೂ ಎಡವುವುದು ಒಂದೇ ಕಡೆ. ಹಳೆಯ ನುಡಿ, ಬರಹದ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಕ್ಯಾನ್ವಾಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಆ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಒಂದೋ ಯೂನಿಕೋಡಿಗೆ ಪರಿವರ್ತಿಸಿ, ಇಲ್ಲ ಮೊಬೈಲಿನ ಕನ್ನಡ ಕೀಬೋರ್ಡಿನಲ್ಲೇ ಟೈಪ್ ಮಾಡಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ ಕನ್ನಡ ಅಕ್ಷರಗಳು ಬೇಕಾದಷ್ಟಿವೆ. ತಲೆಬರಹಕ್ಕೆ ಬಾಲೂ ತಮ್ಮ, ವಿವರಕ್ಕೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಚೆನ್ನಾಗಿ ಕಾಣುತ್ತವೆ. ಒಂದು ಪೋಸ್ಟರಿಗೆ ಎರಡು ಥರದ ಅಕ್ಷರ ಸಾಕು.

ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಕೆಳಗಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ಅಕ್ಷರವನ್ನು ಅಡ್ಡಕ್ಕೆ ಎಳೆದು ದಪ್ಪ ಮಾಡಬೇಡಿ, ಓದಲು ಆಗುವುದಿಲ್ಲ. ಸೀರೆಯ ಮೇಲೆಯೇ ಅಕ್ಷರ ಹಾಕಬೇಡಿ. ಬದಿಯಲ್ಲಿ ಖಾಲಿ ಜಾಗ ಬಿಟ್ಟು ಅಲ್ಲಿ ಬರೆಯಿರಿ.

ಏನು ಬರೆಯಬೇಕು? ಒಡಲು ಹತ್ತಿಯೋ, ರೇಷ್ಮೆಯೋ, ಆರ್ಟ್ ಸಿಲ್ಕೋ (ಕೃತಕ ರೇಷ್ಮೆ). ಕೈಮಗ್ಗವೋ, ಪವರ್‌ಲೂಮೋ. ಎಷ್ಟು ವಾರ (ಗಜ) ಉದ್ದ, ಕುಪ್ಪಸದ ಬಟ್ಟೆ ಸೇರಿದೆಯೋ ಇಲ್ಲವೋ. ಬೆಲೆ, ಊರು, ಫೋನ್ ನಂಬರ್. ಬೆಲೆ ಮುಚ್ಚಿಟ್ಟು 'ಮೆಸೇಜ್ ಮಾಡಿ' ಅನ್ನುವುದು ನನಗೆ ಇಷ್ಟವಿಲ್ಲ. ಬೆಲೆ ಕಂಡರೆ ಕೊಳ್ಳುವವರು ಮಾತ್ರ ಫೋನ್ ಮಾಡುತ್ತಾರೆ, ಇಬ್ಬರ ಸಮಯವೂ ಉಳಿಯುತ್ತದೆ. ಸೊಲ್ಲಾಪುರ, ಕೊಲ್ಹಾಪುರದ ಕಡೆ ಗಿರಾಕಿಗಳಿದ್ದರೆ ಅದೇ ಪೋಸ್ಟರನ್ನು ಮರಾಠಿಯಲ್ಲಿ ಬೇರೆಯಾಗಿ ಮಾಡಿ. ಎರಡು ಭಾಷೆ ಒಂದರಲ್ಲೇ ತುರುಕಿದರೆ ಎರಡೂ ಕಾಣುವುದಿಲ್ಲ.

ಪವರ್‌ಲೂಮ್ ಸೀರೆಗೆ ಕೈಮಗ್ಗ ಅಂತ ಬರೆಯುವುದು ತಮಾಷೆಯ ವಿಷಯವಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಹಾಗಂತ ಜಿಐ ಲೋಗೊವನ್ನು ಯಾರು ಬೇಕಾದರೂ ಹಾಕುವಂತಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿರಬೇಕು. ಹ್ಯಾಂಡ್‌ಲೂಮ್ ಮಾರ್ಕಿಗೂ, ಅಂದರೆ ಕೈಮಗ್ಗದ ಬಟ್ಟೆಯ ಅಧಿಕೃತ ಗುರುತಿಗೂ, ಇದೇ ಮಾತು.

ಗೂಗಲ್ಲಿನಲ್ಲಿ ಸಿಕ್ಕ ನಟಿಯ ಫೋಟೊ, ಬೇರೆ ಅಂಗಡಿಯ ಸೀರೆ ಫೋಟೊ ಬಳಸಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊಗೆ ಒಡೆಯರಿರುತ್ತಾರೆ. ಹಿನ್ನೆಲೆಗೆ ಚಿತ್ರ ಬೇಕಾದರೆ ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಎಂಬ ಉಚಿತ ಚಿತ್ರಗಳ ತಾಣಗಳನ್ನು ನೋಡಿ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದರೆ ಪ್ರತಿ ಚಿತ್ರದ ಕೆಳಗಿನ ಷರತ್ತು ಓದಿ, ಹೆಚ್ಚಿನವಕ್ಕೆ ತೆಗೆದವರ ಹೆಸರು ಹಾಕಬೇಕು. ನಿಜ ಹೇಳಬೇಕೆಂದರೆ ನಿಮ್ಮದೇ ಮಗ್ಗದ ಒಂದು ಫೋಟೊ ಇವೆಲ್ಲಕ್ಕಿಂತ ಚಂದ. ಮಗ್ಗದ ಮೇಲೆ ಕೂತವರನ್ನು ಕೇಳಿ, ಒಪ್ಪಿದರೆ ಹಾಕಿ.

ಪ್ರೆಸ್ಸಿಗೆ ಕೊಡುವಾಗ

ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ಶಾಯಿಯದು. ಗಿಳಿಹಸಿರು, ರಾಣಿ ಬಣ್ಣ, ಕಡು ನೀಲಿ ಅಚ್ಚಾದಾಗ ಮಂಕಾಗುತ್ತವೆ. ಇದು ಪ್ರೆಸ್ಸಿನವರ ತಪ್ಪಲ್ಲ. ಅದಕ್ಕೇ ಸಾವಿರ ಪ್ರತಿ ಹಾಕಿಸುವ ಮೊದಲು ಒಂದು ಪ್ರತಿ ತೆಗೆಸಿ, ಸೀರೆಯ ಜೊತೆ ಇಟ್ಟು ನೋಡಿ.

ಕರಪತ್ರಕ್ಕೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಬೇಕು. ಸುತ್ತ ಕತ್ತರಿಸಲು 3 ಮಿಲಿಮೀಟರ್ ಹೆಚ್ಚು ಬಿಡಿ. ದೂರದಿಂದ ನೋಡುವ ದೊಡ್ಡ ಬ್ಯಾನರಿಗೆ 72ರಿಂದ 100 ಡಿಪಿಐ ಸಾಕು. ನಿಮ್ಮ ಫಾಂಟು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರ ಒಡೆಯುತ್ತದೆ. ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುವವರು "ಕರ್ವ್ ಮಾಡಿ ಕೊಡ್ರಿ" ಅನ್ನುವುದು ಇದಕ್ಕೇ. ಇಂಕ್‌ಸ್ಕೇಪಿನಲ್ಲಿ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಒತ್ತಿದರೆ ಅಕ್ಷರಗಳು ಚಿತ್ರವಾಗುತ್ತವೆ. ಆಮೇಲೆ ತಿದ್ದಲು ಬರುವುದಿಲ್ಲ, ಅದಕ್ಕೆ ಮುಂಚೆ ಒಂದು ಪ್ರತಿ ಬೇರೆ ಉಳಿಸಿ. ಫೈಲನ್ನು ಪಿಡಿಎಫ್ ಮಾಡಿ ಕೊಡಿ.

ವಾಟ್ಸ್ಆ್ಯಪಿನಲ್ಲಿ ಪ್ರೆಸ್ಸಿಗೆ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಗಿರಾಕಿಗೆ ಕಳಿಸುವಾಗ ಎಚ್‌ಡಿ ಆರಿಸಿ. ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ಹಾಗಾಗಿ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಂಡು ಅದರ ಕ್ಯಾಟಲಾಗ್‌ನಲ್ಲಿ ಸೀರೆಗಳನ್ನು ಸೇರಿಸಿ. ಅದಕ್ಕೆ ದುಡ್ಡಿಲ್ಲ.

ಪೋಸ್ಟರಿನಲ್ಲಿ ಹಣ ಕಟ್ಟುವ ಕ್ಯೂಆರ್ ಹಾಕಿದ್ದರೆ ಅಚ್ಚಾದ ಕಾಗದದ ಮೇಲೆಯೇ ಸ್ಕ್ಯಾನ್ ಮಾಡಿ ನೋಡಿ. ಜಾಹೀರಾತು ನೋಡಿ ಫೋನ್ ಮಾಡುವವರಲ್ಲಿ ಮೋಸಗಾರರೂ ಇರುತ್ತಾರೆ. "ನಾ ದುಡ್ಡ ಕಳಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ" ಅಂದರೆ ಫೋನ್ ಇಟ್ಟುಬಿಡಿ. ಹಣ ಬರಲು ಪಿನ್ ಬೇಕಾಗಿಲ್ಲ.

ಆರ್ಡರ್ ಬಂದ ಮೇಲೆ, ಪಾರ್ಸೆಲ್ ಕಟ್ಟುವ ಮುನ್ನ, ಗಿರಾಕಿಗೆ ಹೋಗುವ ಅದೇ ಸೀರೆಯನ್ನು ಬಾಗಿಲ ಬೆಳಕಿನಲ್ಲಿ ಬಿಳಿ ಹಾಳೆಯ ಜೊತೆ ಇಟ್ಟು ಒಂದು ಫೋಟೊ ತೆಗೆಯಿರಿ. ಏನೂ ತಿದ್ದದೆ ಕಳಿಸಿ, "ಬಣ್ಣ ಇದೇ ಐತಿ ನೋಡ್ರಿ ಅಕ್ಕಾರ, ಕಳಸ್ಲಿ?" ಅಂತ ಕೇಳಿ. ಹೂಂ ಅಂದ ಮೇಲೆ ಪಾರ್ಸೆಲ್ ಕಟ್ಟಿ.