ರಟ್ಟಿನ ಮೇಲೆ ಬಿದರಿ

ಶಾಲೆಯ ಚಿತ್ರಕಲೆ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ. ಬೀದರಿನ ಮಕ್ಕಳೂ ಇದನ್ನೇ ಬರೆಯುತ್ತಾ ಕೂರಬೇಕೇ? ಊರಿನ ಹೆಸರನ್ನೇ ಹೊತ್ತ ಬಿದರಿ ಕಲೆ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ, ಕಣ್ಣೆದುರಿಗಿದೆ. ನಾಲ್ಕರಿಂದ ಎಂಟನೇ ತರಗತಿಯವರು ಅದರ ಸೊಗಸನ್ನು ರಟ್ಟಿನ ಮೇಲೆ ತರಬಹುದು.

ಮೊದಲು ಅಸಲಿ ಕೆಲಸವನ್ನು ಮಕ್ಕಳಿಗೆ ವಿವರಿಸಿ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಮೇಲ್ಮೈಯನ್ನು ನುಣುಪು ಮಾಡುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್ ಎಂಬ ಲವಣ) ಬೆರೆತ ನೀರಿನಲ್ಲಿ ಹಾಕಿದಾಗ ಲೋಹ ಕಡುಕಪ್ಪಾಗುತ್ತದೆ. ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ. 2006ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಈ ಊರಿನದೇ ಕಸುಬು ಎಂಬ ಗುರುತಿನ, ಮಾನ್ಯತೆ ಪಡೆದ ಕಲೆ ಇದು.

ಈಗ ನಮ್ಮ ರಟ್ಟು. ಅಂಗೈಗಿಂತ ದೊಡ್ಡದಾದ ಚೌಕ ಸಾಕು. ಪೆನ್ಸಿಲಿನಲ್ಲಿ ಬಳ್ಳಿ, ಎಲೆ, ಹೂವು ಬರೆಸಿ. ಅಚ್ಚು ಹಾಕಿದ ಚಿತ್ರ ಹಂಚಬೇಡಿ. ಸೊಟ್ಟ ಬಳ್ಳಿಯೂ ಬಳ್ಳಿಯೇ. ಗೆರೆಯ ಉದ್ದಕ್ಕೂ ಅಂಟು ಸವರಿ ದಪ್ಪ ಹತ್ತಿದಾರ ಕೂರಿಸಬೇಕು. ಹೊಲಿಗೆಯ ನೂಲು ಬೇಡ, ಅದು ಫಾಯಿಲಿನಡಿ ಕಾಣುವುದೇ ಇಲ್ಲ. ದಾರ ಗಟ್ಟಿಯಾಗಿ ಅಂಟುವವರೆಗೆ ಕಾಯಿರಿ.

ಬಳಿಕ ರಟ್ಟಿಗೆಲ್ಲ ತೆಳುವಾಗಿ ಅಂಟು ಹಚ್ಚಿ, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ಸಡಿಲವಾಗಿ ಹೊದಿಸಿ. ಬಿಗಿಯಾಗಿ ಎಳೆದರೆ ದಾರದ ಅಂಚಿನಲ್ಲಿ ಹರಿಯುತ್ತದೆ. ಹತ್ತಿಯ ಉಂಡೆಯಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತುತ್ತಾ ಹೋದಂತೆ ಬಳ್ಳಿ ಮೇಲೆದ್ದು ಕಾಣುತ್ತದೆ. ಉಳಿದ ಫಾಯಿಲನ್ನು ಹಿಂದಕ್ಕೆ ಮಡಚಿ ಅಂಟಿಸಿ.

ಕಪ್ಪು ಪೋಸ್ಟರ್ ಬಣ್ಣಕ್ಕೆ ಒಂದೆರಡು ಹನಿ ಬಿಳಿ ಅಂಟು ಬೆರೆಸಿ. ಬರೀ ಬಣ್ಣ ಒಣಗಿದ ಮೇಲೆ ಉದುರುತ್ತದೆ. ಎಲ್ಲ ಕಡೆ ಬಳಿದು, ಹೊಳಪು ಮಾಸಿ ಬೆರಳಿಗೆ ತುಸುವೇ ಅಂಟುವಾಗ ಒರೆಸಬೇಕು. ಮೊದಲೇ ಒರೆಸಿದರೆ ಬಣ್ಣವೆಲ್ಲ ಬಟ್ಟೆಗೆ ಬರುತ್ತದೆ, ಪೂರ್ತಿ ಒಣಗಿದರೆ ಒಂದಿಷ್ಟೂ ಬಿಡುವುದಿಲ್ಲ. ತೇವದ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಉಬ್ಬಿದ ಗೆರೆಯ ನೆತ್ತಿಯ ಮೇಲಷ್ಟೇ ಎಳೆಯಿರಿ. ಮಕ್ಕಳು ಹೊಳಪಿನ ಆಸೆಗೆ ಇಡೀ ರಟ್ಟನ್ನೇ ಉಜ್ಜುತ್ತಾರೆ; ಅಲ್ಲಿ ಶಿಕ್ಷಕರು ತಡೆಯಲೇಬೇಕು. ಕಪ್ಪಿದ್ದರೇ ಬೆಳ್ಳಿಗೆ ಬೆಲೆ. ಅಂದ ಹಾಗೆ, ಅಸಲಿ ಬಿದರಿಯಲ್ಲಿ ಬೆಳ್ಳಿ ಉಬ್ಬಿರುವುದಿಲ್ಲ, ಮೇಲ್ಮೈಗೆ ಸಮನಾಗಿರುತ್ತದೆ. ಈ ವ್ಯತ್ಯಾಸವನ್ನು ಮುಚ್ಚಿಡಬೇಡಿ.

ಏಳು, ಎಂಟನೇ ತರಗತಿಯವರಿಗೆ ಇಷ್ಟೇ ಸಾಲದು. ಅವರನ್ನು 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾಕ್ಕೆ ಕರೆದೊಯ್ದು, ಗೋಡೆಯಲ್ಲಿ ಉಳಿದಿರುವ ಬಣ್ಣದ ಹೆಂಚುಗಳನ್ನು ತೋರಿಸಿ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದೂ ಇದೇ ಜಾಡಿನ ಕೆಲಸ. ಮರಳಿ ಬಂದ ಮೇಲೆ ಎಲ್ಲರಿಗೂ ಒಂದೇ ಅಳತೆಯ ಚೌಕ ಕೊಡಿ. ಪ್ರತಿ ಅಂಚಿನ ನಟ್ಟನಡುವೆ ಗುರುತು ಹಾಕಿ, ಬಳ್ಳಿ ಆ ಗುರುತಿನಲ್ಲೇ ಹೊರಹೋಗಬೇಕೆಂದು ಹೇಳಿ. ಆಗ ಯಾರ ಚೌಕವನ್ನು ಯಾರದರ ಪಕ್ಕದಲ್ಲಿಟ್ಟರೂ ಬಳ್ಳಿ ತುಂಡಾಗದೆ ಗೋಡೆಯುದ್ದಕ್ಕೂ ಹಬ್ಬುತ್ತದೆ.